ಸೈಕಲ್ ಗೃಹ ತರಬೇತಿ ಸ್ಟ್ಯಾಂಡ್: ಆಯ್ಕೆ, ಅಳವಡಿಕೆ ಮತ್ತು ಸುರಕ್ಷಿತ ಬಳಕೆ

ಪೀಠಿಕೆ

ಸವಾರನ ಸ್ವಂತ ಸೈಕಲ್ಲನ್ನು ಒಂದೇ ಸ್ಥಳದಲ್ಲಿ ಭದ್ರವಾಗಿ ಹಿಡಿದು ನಿಲ್ಲಿಸಿ, ಪೆಡಲ್ ತುಳಿತಕ್ಕೆ ತಕ್ಕ ಪ್ರತಿರೋಧವನ್ನು ಒದಗಿಸುವ ಉಪಕರಣವನ್ನು ಸೈಕಲ್ ಗೃಹ ತರಬೇತಿ ಸ್ಟ್ಯಾಂಡ್ ಎಂದು ಕರೆಯಲಾಗುತ್ತದೆ. ಮಾರುಕಟ್ಟೆಯಲ್ಲಿ ಇದಕ್ಕೆ ಸೈಕಲ್ ಟ್ರೈನರ್, ಇಂಡೋರ್ ಟ್ರೈನರ್, ಟರ್ಬೊ ಟ್ರೈನರ್ ಎಂಬ ಹೆಸರುಗಳಿವೆ. ವ್ಯಾಯಾಮಶಾಲೆಗಳಲ್ಲಿ ಕಾಣುವ ಸ್ಥಿರ ವ್ಯಾಯಾಮ ಸೈಕಲ್‌ಗೂ ಇದಕ್ಕೂ ವ್ಯತ್ಯಾಸವಿದೆ. ಅದು ಕದಲದ ಯಂತ್ರ. ಇದರಲ್ಲಿಯಾದರೋ ಅಭ್ಯಾಸ ಮುಗಿದ ಬಳಿಕ ಸೈಕಲ್ಲನ್ನು ಬಿಡಿಸಿ ಎಂದಿನಂತೆ ರಸ್ತೆಗೆ ಒಯ್ಯಬಹುದು.

ಈ ಉಪಕರಣದ ತತ್ತ್ವ ನಮ್ಮ ಬೀದಿಗಳಿಗೆ ಹೊಸದೇನೂ ಅಲ್ಲ. ಚಾಕು ಕತ್ತರಿಗಳಿಗೆ ಸಾಣೆ ಹಿಡಿಯುವವರು ಸೈಕಲ್ಲನ್ನು ಹಿಂದಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೆಡಲ್ ತುಳಿದು ಸಾಣೆಕಲ್ಲನ್ನು ತಿರುಗಿಸುವುದನ್ನು ನಾಗರಿಕರು ಕಂಡಿರಬಹುದು. ಅಲ್ಲಿ ಕಾಲಿನ ಶ್ರಮವನ್ನು ಸಾಣೆಕಲ್ಲು ಹೀರಿಕೊಳ್ಳುತ್ತದೆ; ತರಬೇತಿ ಸ್ಟ್ಯಾಂಡಿನಲ್ಲಿ ಆ ಕೆಲಸವನ್ನು ಗಾಳಿರೆಕ್ಕೆ, ಅಯಸ್ಕಾಂತ ಅಥವಾ ಎಣ್ಣೆ ಮಾಡುತ್ತದೆ.

ರಸ್ತೆಯ ವಾಹನ ದಟ್ಟಣೆ, ಕರಾವಳಿ ಮತ್ತು ಮಲೆನಾಡಿನ ಮಳೆಗಾಲ, ರಾತ್ರಿಯ ಕತ್ತಲು ಇವುಗಳಿಂದ ಅಭ್ಯಾಸ ತಪ್ಪಬಾರದೆಂಬ ಕಾರಣದಿಂದ ಕ್ರೀಡಾಪಟುಗಳೂ ಆರೋಗ್ಯಾಕಾಂಕ್ಷಿಗಳೂ ಈ ಸ್ಟ್ಯಾಂಡನ್ನು ಬಳಸುತ್ತಾರೆ. ಮನೆಯೊಳಗೆ ಅಪಘಾತದ ಭಯವಿಲ್ಲವೆಂಬ ಭಾವನೆ ಸಾಮಾನ್ಯವಾಗಿದ್ದು, ಅದು ಅರ್ಧ ಮಾತ್ರ ಸರಿ. ರಸ್ತೆಯಲ್ಲಿಲ್ಲದ ಎರಡು ಅಪಾಯಗಳು ಮನೆಯೊಳಗಿವೆ: ಸವಾರನ ದೇಹದಲ್ಲಿ ಶೇಖರವಾಗುವ ಶಾಖ, ಮತ್ತು ತಿರುಗುವ ಚಕ್ರದ ಬಳಿ ಸುಳಿಯುವ ಮಕ್ಕಳು. ಸ್ಟ್ಯಾಂಡನ್ನು ಕೊಳ್ಳುವವರು ಬೆಲೆಯನ್ನು ವಿಚಾರಿಸುವ ಮುನ್ನ ಈ ಎರಡನ್ನು ಮನಗಾಣುವುದು ಸೂಕ್ತ.

ವಿಧಗಳು

ಪ್ರಚಲಿತದಲ್ಲಿರುವ ಸ್ಟ್ಯಾಂಡ್‌ಗಳಲ್ಲಿ ಹೆಚ್ಚಿನವು ಹಿಂದಿನ ಚಕ್ರವನ್ನು ನೆಲದಿಂದ ಕೆಲವು ಸೆಂಟಿಮೀಟರ್ ಎತ್ತಿ ಹಿಡಿದು, ಟೈರಿಗೆ ಒಂದು ಉರುಳೆಯನ್ನು ಒತ್ತಿ ನಿಲ್ಲಿಸುವ ಮಾದರಿಯವು. ಉರುಳೆಗೆ ಜೋಡಿಸಿರುವ ಪ್ರತಿರೋಧಕದ ಸ್ವರೂಪದಂತೆ ಇವು ಮೂರು ಬಗೆ. ಗಾಳಿ ಮಾದರಿಯಲ್ಲಿ ರೆಕ್ಕೆಗಳು ಗಾಳಿಯನ್ನು ಕಡೆಯುತ್ತವೆ. ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುವುದರಿಂದ ಇದು ಬಯಲು ರಸ್ತೆಯ ಅನುಭವಕ್ಕೆ ಹತ್ತಿರವಾಗಿದೆ. ಆದರೆ ಸದ್ದು ಬಹಳ. ಅಯಸ್ಕಾಂತ ಮಾದರಿಯಲ್ಲಿ ಲೋಹದ ತಟ್ಟೆಯೊಂದು ಅಯಸ್ಕಾಂತಗಳ ನಡುವೆ ತಿರುಗುವಾಗ ಅದರೊಳಗೆ ಹುಟ್ಟುವ ವಿದ್ಯುತ್ ಸುಳಿಗಳು ತಿರುಗುವಿಕೆಯನ್ನು ತಡೆಯುತ್ತವೆ. ಬೆಲೆ ಮಿತವಾಗಿರುತ್ತದೆ, ಹ್ಯಾಂಡಲ್‌ಗೆ ಸಿಕ್ಕಿಸಿದ ಸಣ್ಣ ಸನ್ನೆಯಿಂದ ಭಾರವನ್ನು ಬದಲಿಸಬಹುದು. ಎಣ್ಣೆ ಮಾದರಿಯಲ್ಲಿ ಮುಚ್ಚಿದ ಡಬ್ಬಿಯೊಳಗಿನ ಸಿಲಿಕೋನ್ ಎಣ್ಣೆಯನ್ನು ರೆಕ್ಕೆ ಕಡೆಯುತ್ತದೆ. ಇದು ನಯವಾದದ್ದು, ಸದ್ದು ಕಡಿಮೆ. ಎಣ್ಣೆ ಸೋರಿದರೆ ಮಾತ್ರ ದುರಸ್ತಿ ಕಷ್ಟ.

ಹಿಂದಿನ ಚಕ್ರವನ್ನೇ ಕಳಚಿಟ್ಟು, ಚೈನನ್ನು ನೇರವಾಗಿ ಉಪಕರಣದ ಹಲ್ಲುಚಕ್ರಕ್ಕೆ ತೊಡಿಸುವ ಮಾದರಿಯೂ ಇದೆ. ಟೈರು ಸವೆಯುವುದಿಲ್ಲ, ಸವಾರನ ಶಕ್ತಿಯನ್ನು ವಾಟ್‌ಗಳಲ್ಲಿ ಹೆಚ್ಚು ನಿಖರವಾಗಿ ಅಳೆಯುತ್ತದೆ, ಗಣಕಯಂತ್ರ ಅಥವಾ ಮೊಬೈಲ್‌ಗೆ ಸಂಪರ್ಕ ಹೊಂದಿ ಏರುದಾರಿಯಂತೆ ಭಾರವನ್ನು ತಾನೇ ಏರಿಸುತ್ತದೆ. ಬೆಲೆಯೂ ಅದಕ್ಕೆ ತಕ್ಕಂತೆ ಏರಿರುತ್ತದೆ. ಗೇರ್ ಇಲ್ಲದ ಸಾಮಾನ್ಯ ಸೈಕಲ್‌ಗೆ ಇದನ್ನು ಹೊಂದಿಸುವುದು ಸುಲಭವಲ್ಲ.

ಇವಲ್ಲದೆ ಮೂರು ಉರುಳೆಗಳ ಚೌಕಟ್ಟಿನ ಮೇಲೆ ಸೈಕಲ್ಲನ್ನು ಯಾವ ಹಿಡಿತವೂ ಇಲ್ಲದೆ ಓಡಿಸುವ ಹಳೆಯ ವಿಧಾನವೊಂದಿದೆ. ಎರಡು ಉರುಳೆಗಳು ಹಿಂದಿನ ಚಕ್ರದಡಿ, ಒಂದು ಮುಂದಿನ ಚಕ್ರದಡಿ ಇದ್ದು, ಪಟ್ಟಿಯೊಂದು ಇವನ್ನು ಜೋಡಿಸುತ್ತದೆ. ಸಮತೋಲನ ಕಲಿಯಲು ಇದು ಶ್ರೇಷ್ಠ. ಆದರೆ ಕಲಿಯುವ ಮೊದಲ ದಿನಗಳಲ್ಲಿ ಬೀಳುವ ಸಂಭವವಿರುವುದರಿಂದ ಗೋಡೆಯ ಅಥವಾ ಬಾಗಿಲ ಚೌಕಟ್ಟಿನ ಆಸರೆ ಕೈಗೆಟಕುವಂತಿರಬೇಕು.

ಕ್ರೀಡಾ ಅಭ್ಯಾಸದಲ್ಲಿ ಸ್ಟ್ಯಾಂಡಿನ ಪಾತ್ರ

ಆಸ್ಟ್ರೇಲಿಯಾದ ಸವಾರ ಮ್ಯಾಥ್ಯೂ ಹೇಮನ್ ಅವರು 2016ರ ಫೆಬ್ರವರಿಯಲ್ಲಿ ಸ್ಪರ್ಧೆಯೊಂದರಲ್ಲಿ ಬಿದ್ದು ಕೈಮೂಳೆ ಮುರಿದುಕೊಂಡಿದ್ದರು. ರಸ್ತೆಗಿಳಿಯಲಾಗದ ವಾರಗಳಲ್ಲಿ ಅವರು ಮನೆಯೊಳಗೆ ಸ್ಟ್ಯಾಂಡಿನ ಮೇಲೆಯೇ ಅಭ್ಯಾಸ ಮುಂದುವರಿಸಿ, ಅದೇ ವರ್ಷದ ಏಪ್ರಿಲ್ 10ರಂದು ಫ್ರಾನ್ಸಿನ ಪ್ಯಾರಿಸ್–ರೂಬೇ ಸ್ಪರ್ಧೆಯನ್ನು ಗೆದ್ದರು. ಕಲ್ಲುಹಾಸಿನ ಹಾದಿಗಳಿಗೆ ಹೆಸರಾದ ಆ ಸ್ಪರ್ಧೆಯ ದೂರ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ಸ್ಟ್ಯಾಂಡ್‌ನ ಬಳಕೆ ವ್ಯಾಪಕವಾಯಿತು. 2020ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಮನೆಯಲ್ಲೇ ಕುಳಿತು ಭಾಗವಹಿಸುವ ಪ್ರಥಮ ವಿಶ್ವ ಚಾಂಪಿಯನ್‌ಷಿಪ್ ಅನ್ನು ನಡೆಸಿತು.

ಇಂತಹ ಉದಾಹರಣೆಗಳನ್ನು ಕೇಳಿ, ಮಕ್ಕಳನ್ನು ಸೈಕ್ಲಿಂಗ್‌ಗೆ ಸೇರಿಸಬಯಸುವ ಪೋಷಕರು ಸಾಲ ಮಾಡಿಯಾದರೂ ಸ್ಟ್ಯಾಂಡ್ ಕೊಳ್ಳಬೇಕೇ ಎಂದು ಯೋಚಿಸುವುದುಂಟು. ಅದರ ಅಗತ್ಯವಿಲ್ಲ. ಹೇಮನ್ ಅವರು ಸ್ಟ್ಯಾಂಡ್ ಏರುವ ಹೊತ್ತಿಗೆ ಅವರ ಹಿಂದೆ ಅನೇಕ ವರ್ಷಗಳ ರಸ್ತೆಯ ಅನುಭವವಿತ್ತು. ತಿರುವಿನಲ್ಲಿ ಓಲುವುದು, ಬ್ರೇಕನ್ನು ಹದವರಿತು ಹಿಡಿಯುವುದು, ಗುಂಪಿನಲ್ಲಿ ಚಕ್ರಕ್ಕೆ ಚಕ್ರ ತಾಗದಂತೆ ಸಾಗುವುದು, ಎದುರುಗಾಳಿಯಲ್ಲಿ ಇನ್ನೊಬ್ಬರ ಮರೆ ಹಿಡಿಯುವುದು ಇವಾವುದನ್ನೂ ಸ್ಟ್ಯಾಂಡ್ ಕಲಿಸದು. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಿಂದ ರಾಷ್ಟ್ರಮಟ್ಟಕ್ಕೆ ಏರಿದ ಅನೇಕ ಸವಾರರು ಪಳಗಿದ್ದು ಬಯಲುಸೀಮೆಯ ರಸ್ತೆಗಳಲ್ಲಿಯೇ. ಕ್ರೀಡಾ ವಸತಿ ನಿಲಯದ ಆಯ್ಕೆಗೆ ಸಿದ್ಧರಾಗುವ ಬಾಲಕ ಬಾಲಕಿಯರು ಸ್ಟ್ಯಾಂಡನ್ನು ಮಳೆಯ ದಿನದ ಪರ್ಯಾಯವೆಂದು ಪರಿಗಣಿಸಬೇಕೇ ಹೊರತು ರಸ್ತೆ ಅಭ್ಯಾಸದ ಬದಲಿಯೆಂದಲ್ಲ.

ಸಾಮಾನ್ಯ ಸೈಕಲ್‌ಗೆ ಹೊಂದುವಿಕೆ

ಕೊಂಡ ಮೇಲೆ ಎದುರಾಗುವ ತೊಂದರೆಗಳಲ್ಲಿ ಸಾಮಾನ್ಯವಾದುದು ಸೈಕಲ್ಲಿಗೂ ಸ್ಟ್ಯಾಂಡಿಗೂ ಹೊಂದಿಕೆಯಾಗದಿರುವುದು. ಸ್ಟ್ಯಾಂಡಿನ ಎರಡು ಬಟ್ಟಲುಗಳು ಹಿಂದಿನ ಚಕ್ರದ ಅಚ್ಚಿನ ತುದಿಗಳನ್ನು ಇಕ್ಕೆಲಗಳಿಂದ ಒತ್ತಿ ಹಿಡಿಯುತ್ತವೆ. ಈ ಬಟ್ಟಲುಗಳನ್ನು ಸಾಮಾನ್ಯವಾಗಿ ಸನ್ನೆಯಿಂದ ಬಿಚ್ಚುವ ತೆಳು ಅಚ್ಚುಕಡ್ಡಿಗೆ ತಕ್ಕಂತೆ ರೂಪಿಸಲಾಗಿರುತ್ತದೆ. ನಮ್ಮ ಊರುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಸೈಕಲ್‌ಗಳಲ್ಲಿಯಾದರೋ ಅಚ್ಚಿನ ತುದಿಗೆ ಆರು ಮೂಲೆಯ ನಟ್ಟುಗಳಿರುತ್ತವೆ. ಅದೇ ಅಚ್ಚಿಗೆ ಕ್ಯಾರಿಯರ್, ಮಡ್‌ಗಾರ್ಡ್ ಮತ್ತು ಜೋಡಿಗಾಲಿನ ಸ್ಟ್ಯಾಂಡಿನ ಕಡ್ಡಿಗಳೂ ಸೇರಿಕೊಂಡಿರುತ್ತವೆ. ಬಟ್ಟಲು ಇವುಗಳ ಮೇಲೆ ಸರಿಯಾಗಿ ಕೂಡದೆ, ಜೋರಾಗಿ ತುಳಿಯುವಾಗ ಜಾರಿ ಸೈಕಲ್ ಪಕ್ಕಕ್ಕೆ ಉರುಳಬಹುದು. ನಟ್ಟಿನ ಅಚ್ಚಿಗೆಂದೇ ಸಿಗುವ ವಿಶೇಷ ನಟ್ಟುಗಳನ್ನು ಹಾಕಿಸಿ, ಅಡ್ಡಬರುವ ಕಡ್ಡಿಗಳನ್ನು ಸೈಕಲ್ ಶಾಪಿನಲ್ಲಿ ಕಳಚಿಸಿದ ನಂತರವೇ ಬಳಸತಕ್ಕದ್ದು.

ಚಕ್ರದ ಅಳತೆಯಲ್ಲಿಯೂ ಗೊಂದಲವಿದೆ. ಹಳೆಯ ಮಾದರಿಯ ದೊಡ್ಡ ಸೈಕಲ್ಲಿನ 28 × 1½ ಟೈರಿನ ರಿಮ್ಮು 635 ಮಿಲಿಮೀಟರ್ ವ್ಯಾಸದ್ದು. 700ಸಿ ಎಂಬ ರೇಸಿಂಗ್ ಚಕ್ರದ ರಿಮ್ಮು 622 ಮಿಲಿಮೀಟರ್. ಎರಡನ್ನೂ ಅಂಗಡಿಗಳಲ್ಲಿ 28 ಇಂಚು ಎಂದೇ ಹೇಳುವುದುಂಟು. ಟೈರಿನ ಪಕ್ಕದ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಬರೆದುಕೊಂಡು ಹೋಗಿ ಸ್ಟ್ಯಾಂಡಿನ ಪೆಟ್ಟಿಗೆಯ ಮೇಲಿನ ವಿವರದೊಡನೆ ತಾಳೆ ನೋಡುವುದು ಉತ್ತಮ. ಗುಬ್ಬಿಗುಬ್ಬಿಯಾದ ಟೈರುಗಳು ಉರುಳೆಯ ಮೇಲೆ ಅತಿಯಾಗಿ ಅದುರಿ ಸದ್ದು ಮಾಡುವುದರಿಂದ ನಯವಾದ ಟೈರನ್ನು ಬಳಸಬೇಕು.

ಸ್ಟ್ಯಾಂಡ್ ಕೊಳ್ಳುವ ಬದಲು ಸೈಕಲ್ಲಿನ ಜೋಡಿಗಾಲಿನ ಸ್ಟ್ಯಾಂಡನ್ನೇ ಹಾಕಿ ತುಳಿದರಾಗದೇ ಎಂಬ ಪ್ರಶ್ನೆ ಸಹಜ. ಮಕ್ಕಳು ಆಟಕ್ಕೆ ಹಾಗೆ ಮಾಡುವುದುಂಟು. ಆ ಸ್ಟ್ಯಾಂಡ್ ನಿಂತ ಸೈಕಲ್ಲಿನ ಭಾರಕ್ಕೆ ಮಾಡಿದ್ದೇ ಹೊರತು ಸವಾರನ ಭಾರಕ್ಕಲ್ಲ. ಅಲ್ಲದೆ ಸೈಕಲ್ಲನ್ನು ಮುಂದಕ್ಕೆ ನೂಕಿದೊಡನೆ ಮಡಚಿಕೊಳ್ಳುವುದು ಅದರ ಸ್ವಭಾವ. ಸವಾರ ಮುಂದಕ್ಕೆ ವಾಲಿ ಬಲವಾಗಿ ತುಳಿದಾಗ ಅದು ಮಡಚಿ, ತಿರುಗುತ್ತಿರುವ ಚಕ್ರ ನೆಲ ಮುಟ್ಟಿದರೆ ಸೈಕಲ್ ಎದುರಿನ ಗೋಡೆಗೆ ನುಗ್ಗುತ್ತದೆ. ಸಾಣೆಯವರು ಕೆಲಸದ ಸೈಕಲ್ಲಿಗೆ ಇದಕ್ಕಾಗಿಯೇ ಗಟ್ಟಿಯಾದ ಸ್ಟ್ಯಾಂಡನ್ನು ಮಾಡಿಸಿಕೊಂಡಿರುತ್ತಾರೆ.

ಅಳವಡಿಸುವ ಕ್ರಮ

ನೆಲ ಸಮತಟ್ಟಾಗಿರಬೇಕು. ಸ್ಟ್ಯಾಂಡಿನ ಕಾಲುಗಳನ್ನು ಪೂರ್ತಿಯಾಗಿ ಬಿಡಿಸಿ, ಅಡಿಗೆ ರಬ್ಬರ್ ಹಾಸನ್ನು ಹಾಕತಕ್ಕದ್ದು. ಸನ್ನೆಯುಳ್ಳ ಅಚ್ಚುಕಡ್ಡಿಯಿದ್ದಲ್ಲಿ, ಸ್ಟ್ಯಾಂಡಿನೊಡನೆ ಕೊಟ್ಟಿರುವ ಉಕ್ಕಿನ ಕಡ್ಡಿಗೆ ಬದಲಾಯಿಸಬೇಕು. ಅಲ್ಯೂಮಿನಿಯಂ ತುದಿಯದು ಒತ್ತಡಕ್ಕೆ ನಜ್ಜಾಗಬಹುದು. ಟೈರಿನ ಮೇಲೆ ನಮೂದಿಸಿರುವ ಮಿತಿಯೊಳಗೆ ಗಾಳಿ ತುಂಬಿಸಿ, ಉರುಳೆಯನ್ನು ಟೈರಿಗೆ ಮುಟ್ಟಿಸಿ, ಅಲ್ಲಿಂದ ತಿರುಪನ್ನು ಎರಡು ಮೂರು ಸುತ್ತು ಬಿಗಿಮಾಡಬೇಕು. ಒಂದು ಕೈಯಲ್ಲಿ ಉರುಳೆಯ ಭಾರಚಕ್ರವನ್ನು ಹಿಡಿದು ಇನ್ನೊಂದು ಕೈಯಿಂದ ಚಕ್ರವನ್ನು ಜಗ್ಗಿದಾಗ ಟೈರು ಜಾರಿದರೆ ಇನ್ನಷ್ಟು ಬಿಗಿ ಬೇಕೆಂದು ತಿಳಿಯಬೇಕು. ಅತಿ ಬಿಗಿಯಾದರೆ ಟೈರು ಬಿಸಿಯೇರಿ ಬೇಗ ಸವೆಯುತ್ತದೆ. ಹಿಂದಿನ ಚಕ್ರ ಎತ್ತರವಾಗುವುದರಿಂದ ಮುಂದಿನ ಚಕ್ರದಡಿಗೆ ಅಷ್ಟೇ ಎತ್ತರದ, ಅಲುಗದ ಹಲಗೆಯನ್ನಿಡಬೇಕು; ಇಲ್ಲದಿದ್ದಲ್ಲಿ ದೇಹದ ಭಾರವೆಲ್ಲ ಅಂಗೈಗಳ ಮೇಲೆ ಬಿದ್ದು ಮಣಿಕಟ್ಟು ನೋಯುತ್ತದೆ. ಹತ್ತುವ ಮುನ್ನ ಸೀಟನ್ನು ಹಿಡಿದು ಎರಡೂ ಬದಿಗೆ ಬಲವಾಗಿ ಅಲುಗಿಸಿ ನೋಡತಕ್ಕದ್ದು.

ಸೀಟಿನ ಎತ್ತರಕ್ಕೆ ಸುಲಭವಾದ ಅಳತೆಯೆಂದರೆ, ಪೆಡಲ್ ಕೆಳಗಿರುವಾಗ ಹಿಮ್ಮಡಿಯನ್ನಿಟ್ಟರೆ ಕಾಲು ನೇರವಾಗಬೇಕು. ರಸ್ತೆಯಲ್ಲಿ ಸವಾರ ಆಗಾಗ ಎದ್ದು ಕೂರುತ್ತಾನೆ. ಸ್ಟ್ಯಾಂಡಿನ ಮೇಲೆ ಕದಲದೆ ಕೂರುವುದರಿಂದ ಎತ್ತರದ ಸಣ್ಣ ತಪ್ಪೂ ಮೊಣಕಾಲಿಗೆ ನೋವಾಗಿ ಕಾಣಿಸಿಕೊಳ್ಳುತ್ತದೆ.

ಶಾಖದ ಅಪಾಯ

ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಸುಮಾರು ಶೇಕಡ 20ರಿಂದ 25 ಮಾತ್ರ ಪೆಡಲ್ ತಲುಪುತ್ತದೆ; ಉಳಿದದ್ದು ದೇಹದೊಳಗೆ ಶಾಖವಾಗುತ್ತದೆ. ಪೆಡಲ್‌ಗೆ 150 ವಾಟ್ ಕೊಡುತ್ತಿರುವ ಸವಾರನ ದೇಹ ಅದೇ ಹೊತ್ತಿನಲ್ಲಿ 450ರಿಂದ 600 ವಾಟ್‌ನಷ್ಟು ಶಾಖವನ್ನು ಉತ್ಪಾದಿಸುತ್ತಿರುತ್ತದೆ, ಅಂದರೆ ಒಂದು ಸಣ್ಣ ಇಸ್ತ್ರಿಪೆಟ್ಟಿಗೆಯಷ್ಟು. ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಾಗುವವನ ಮೈಗೆ ಸೆಕೆಂಡಿಗೆ ಸುಮಾರು 7 ಮೀಟರ್ ವೇಗದ ಗಾಳಿ ಬಡಿದು ಈ ಶಾಖವನ್ನು ಹೊತ್ತೊಯ್ಯುತ್ತದೆ. ಸ್ಟ್ಯಾಂಡಿನ ಮೇಲೆ ಸೈಕಲ್ ನಿಂತಂತೆ ಗಾಳಿಯೂ ನಿಂತಿರುತ್ತದೆ.

ಆಗ ದೇಹಕ್ಕೆ ಉಳಿಯುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಆವಿಯಾಗುವಾಗ ಸುಮಾರು 2,400 ಕಿಲೋಜೌಲ್ ಶಾಖವನ್ನು ಒಯ್ಯುತ್ತದೆ. 500 ವಾಟ್‌ನಂತೆ ಒಂದು ಗಂಟೆಯ ಶಾಖವನ್ನು ಕಳೆಯಲು ಮುಕ್ಕಾಲು ಲೀಟರ್ ಬೆವರು ಪೂರ್ತಿಯಾಗಿ ಆವಿಯಾಗಬೇಕು. ಇಲ್ಲಿ ಗಮನಿಸಬೇಕಾದದ್ದು ಆವಿಯಾಗಬೇಕೆಂಬ ಮಾತನ್ನು. ಮೈಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ದೇಹವನ್ನು ತಂಪು ಮಾಡುವುದಿಲ್ಲ, ನೀರನ್ನು ಮಾತ್ರ ಖರ್ಚುಮಾಡುತ್ತದೆ. ನೆಲ ಒದ್ದೆಯಾಗುವಷ್ಟು ಬೆವರು ಸುರಿದರೆ ಒಳ್ಳೆಯ ವ್ಯಾಯಾಮವಾಯಿತೆಂಬ ನಂಬಿಕೆಯನ್ನು ಈ ಕಾರಣದಿಂದ ಬಿಡಬೇಕಾಗುತ್ತದೆ. ಅದು ಕೋಣೆಯಲ್ಲಿ ಗಾಳಿಯಾಡುತ್ತಿಲ್ಲವೆಂಬುದರ ಸೂಚನೆ.

ಮಂಗಳೂರು, ಉಡುಪಿ, ಕಾರವಾರಗಳ ತೇವ ಹವೆಯಲ್ಲಿ ಉಷ್ಣಾಂಶ 30 ಡಿಗ್ರಿ ಇದ್ದರೂ ಬೆವರು ಆರುವುದಿಲ್ಲ. ವಿಜಯಪುರ, ಕಲಬುರಗಿ, ರಾಯಚೂರುಗಳ ಒಣ ಬೇಸಿಗೆಯಲ್ಲಿ ಬೆವರು ಬೇಗ ಆರುತ್ತದೆ. ಆದರೆ ಕೋಣೆಯ ಗಾಳಿ ಚರ್ಮಕ್ಕಿಂತ ಬಿಸಿಯಾಗಿದ್ದರೆ ಅದೇ ಗಾಳಿ ದೇಹಕ್ಕೆ ಶಾಖವನ್ನೂ ಸೇರಿಸುತ್ತದೆ. ಬೆವರು ಕಣ್ಣಿಗೆ ಕಾಣದಂತೆ ಆರುವುದರಿಂದ ಎಷ್ಟು ನೀರು ಹೋಯಿತೆಂಬುದೂ ತಿಳಿಯದು. ಎರಡೂ ಕಡೆ ಬೆಳಗಿನ ಜಾವವೇ ಪ್ರಶಸ್ತ. ತಗಡಿನ ಅಥವಾ ತಾರಸಿ ಮಾಳಿಗೆಯ ಕೆಳಗಿನ ಕೋಣೆಗಳು ಹಗಲಿನ ಕಾವನ್ನು ಹಿಡಿದಿಟ್ಟುಕೊಳ್ಳುವುದರಿಂದ ಸಂಜೆಯ ಅಭ್ಯಾಸಕ್ಕೆ ತಕ್ಕವಲ್ಲ. ಎದುರುಬದುರಿನ ಕಿಟಕಿ ಬಾಗಿಲುಗಳನ್ನು ತೆರೆದು, ಸವಾರನ ಎದೆಗೆ ನೇರವಾಗಿ ಬೀಸುವಂತೆ ಮೇಜಿನ ಅಥವಾ ನಿಲುವು ಫ್ಯಾನನ್ನು ಎದುರಿಗಿಡತಕ್ಕದ್ದು. ಮೇಲ್ಚಾವಣಿಯ ಫ್ಯಾನ್ ಮಾತ್ರ ಸಾಲದು. ಬೆವರು ಬೇಗ ಸುರಿಯಲೆಂದು ಪ್ಲಾಸ್ಟಿಕ್ ಅಂಗಿ ತೊಟ್ಟು ಅಥವಾ ಕಿಟಕಿ ಮುಚ್ಚಿ ತುಳಿಯುವ ಪದ್ಧತಿ ಪ್ರಾಣಾಪಾಯಕಾರಿ. ಹಾಗೆ ಇಳಿಯುವ ತೂಕ ನೀರಿನದೇ ಹೊರತು ಕೊಬ್ಬಿನದಲ್ಲ.

ತಲೆಸುತ್ತು, ವಾಕರಿಕೆ, ಮೈ ಜುಮ್ಮೆನ್ನುವಿಕೆ, ತಲೆನೋವು ಕಾಣಿಸಿದರೆ ಕೂಡಲೇ ನಿಲ್ಲಿಸಿ, ತಂಪಾದ ಸ್ಥಳದಲ್ಲಿ ಮಲಗಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ನೀರು ಕುಡಿಯಬೇಕು. ಮಾತು ತೊದಲಿದರೆ, ಗೊಂದಲ ಉಂಟಾದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ನೀರು ಹಾಕದೆ, ಮೈಮೇಲೆ ತಣ್ಣೀರು ಸುರಿದು ಫ್ಯಾನ್ ಬೀಸುತ್ತ 108ಕ್ಕೆ ಕರೆ ಮಾಡತಕ್ಕದ್ದು. ಎದೆನೋವು ಕಂಡಲ್ಲಿ ಕ್ಷಣವೂ ಕಾಯಕೂಡದು. ಹೃದ್ರೋಗ, ರಕ್ತದೊತ್ತಡ, ಮಧುಮೇಹ ಉಳ್ಳವರು ಮತ್ತು ಬಹುಕಾಲ ವ್ಯಾಯಾಮ ಮಾಡದೆ ಇದ್ದವರು ವೈದ್ಯರ ಸಲಹೆ ಪಡೆದು ಪ್ರಾರಂಭಿಸುವುದು. ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲ ಚಿಲಕ ಹಾಕಿಕೊಂಡು ತೀವ್ರ ಅಭ್ಯಾಸ ಮಾಡದಿರುವುದು ಲೇಸು.

ಮಕ್ಕಳು ಮತ್ತು ಉಡುಪು

ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ 700ಸಿ ಚಕ್ರ ಸೆಕೆಂಡಿಗೆ ಸುಮಾರು ನಾಲ್ಕು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಕಡ್ಡಿಗಳು ಕಣ್ಣಿಗೆ ಕಾಣದೆ ಚಕ್ರ ಬರಿದಾಗಿರುವಂತೆ ತೋರುತ್ತದೆ, ಮಗು ಅಲ್ಲಿಗೆ ಕೈ ಚಾಚುವುದೂ ಅದಕ್ಕಾಗಿಯೇ. ಸವಾರನ ದೃಷ್ಟಿ ಮುಂದಕ್ಕಿರುತ್ತದೆ, ಅಪಾಯ ಹಿಂದಿರುತ್ತದೆ, ಫ್ಯಾನಿನ ಸದ್ದಿನಲ್ಲಿ ಮಗು ಬಂದದ್ದೂ ಕೇಳಿಸದು. ತುಳಿಯುವುದನ್ನು ನಿಲ್ಲಿಸಿದ ನಂತರವೂ ಚಕ್ರ ಕೆಲಕಾಲ ತಿರುಗುತ್ತಲೇ ಇರುತ್ತದೆ. ಬೆರಳು ಕಡ್ಡಿಗಳ ನಡುವೆ ಅಥವಾ ಚೈನು ಮತ್ತು ಹಲ್ಲುಚಕ್ರದ ನಡುವೆ ಸಿಕ್ಕಿದರೆ ತುಂಡಾಗುವ ಸಂಭವವಿದೆ. ಆದುದರಿಂದ ಸಣ್ಣ ಮಕ್ಕಳಿರುವ ಮನೆಯಲ್ಲಿ, ಕೋಣೆಯ ಬಾಗಿಲು ಸವಾರನ ಎದುರಿಗೆ ಬರುವಂತೆಯೂ ಹಿಂದಿನ ಚಕ್ರ ಗೋಡೆಯ ಕಡೆಗಿರುವಂತೆಯೂ ಸ್ಟ್ಯಾಂಡನ್ನಿಡಬೇಕು. ಮಗುವನ್ನು ನೋಡಿಕೊಳ್ಳುವ ಹೊಣೆ ಬೇರೊಬ್ಬರಿಗಿರುವ ಹೊತ್ತಿನಲ್ಲಿ ಮಾತ್ರ ಅಭ್ಯಾಸ ಮಾಡತಕ್ಕದ್ದು. ಮುಗಿದ ಬಳಿಕ ಸೈಕಲ್ಲನ್ನು ಬಿಡಿಸಿಡಬೇಕು. ಸ್ಟ್ಯಾಂಡಿನಲ್ಲೇ ಬಿಟ್ಟರೆ ಮಕ್ಕಳು ಕೈಯಿಂದ ಪೆಡಲ್ ತಿರುಗಿಸುತ್ತಾರೆ. ಪ್ರತಿರೋಧಕದ ಡಬ್ಬಿಯೂ ಅಭ್ಯಾಸದ ನಂತರ ಮುಟ್ಟಲಾಗದಷ್ಟು ಬಿಸಿಯಾಗಿರಬಹುದು.

ಸೀರೆಯ ಸೆರಗು, ದುಪಟ್ಟಾ, ಲುಂಗಿ, ಸಡಿಲ ಪೈಜಾಮ ಧರಿಸಿ ತುಳಿಯಕೂಡದು. ಜಡೆಯನ್ನು ಮೇಲೆ ಕಟ್ಟಿಕೊಳ್ಳಬೇಕು. ಫ್ಯಾನಿನ ತಂತಿ ಚಕ್ರದ ಬಳಿ ಹಾಯದಿರಲಿ, ಬೆವರು ಬೀಳುವ ಕಡೆ ವಿದ್ಯುತ್ ಪ್ಲಗ್ ಇರದಿರಲಿ. ಬೆವರಿನ ಉಪ್ಪು ಹ್ಯಾಂಡಲ್ಲಿನ ತಿರುಪುಗಳಿಗೆ ತುಕ್ಕು ಹಿಡಿಸುವುದರಿಂದ ಅಭ್ಯಾಸದ ವೇಳೆ ಮೇಲೊಂದು ಟವೆಲ್ ಹೊದಿಸಿ, ನಂತರ ಒದ್ದೆ ಬಟ್ಟೆಯಿಂದ ಒರೆಸುವುದು.

ಅಭ್ಯಾಸದ ಪ್ರಮಾಣ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಹಿತಕರ. ಹೊಸಬರು ದಿನಕ್ಕೆ 20 ನಿಮಿಷಗಳಿಂದ ಆರಂಭಿಸಬಹುದು. ತುಳಿಯುತ್ತಲೇ ಒಂದೆರಡು ವಾಕ್ಯ ಮಾತನಾಡಲು ಸಾಧ್ಯವಾದರೆ ಶ್ರಮ ಮಧ್ಯಮವೆಂದು ತಿಳಿಯುವುದು. ಯಂತ್ರದ ಅಂಕಿಗಳಿಲ್ಲದವರು ಗಡಿಯಾರ ನೋಡಿ 15 ಸೆಕೆಂಡುಗಳಲ್ಲಿ ಬಲಗಾಲು ಎಷ್ಟು ಸುತ್ತು ಬಂತೆಂದು ಎಣಿಸಬಹುದು. 20ರಿಂದ 22 ಬಂದರೆ ನಿಮಿಷಕ್ಕೆ 80ರಿಂದ 88 ಸುತ್ತಾಯಿತು, ರೂಢಿಯಾದವರಿಗೆ ಇದು ಹದವಾದ ಲಯ. ಮನೆಯೊಳಗೆ ಅದೇ ಶ್ರಮ ರಸ್ತೆಗಿಂತ ಕಠಿಣವೆನಿಸುವುದು ಸಹಜವಾಗಿದ್ದು, ರಸ್ತೆಯ ವೇಗವನ್ನು ಇಲ್ಲಿ ಸಾಧಿಸಲಾಗುತ್ತಿಲ್ಲವೆಂದು ಹಟ ಹಿಡಿಯಬಾರದು. ಬಹುಮಹಡಿ ಕಟ್ಟಡಗಳಲ್ಲಿ ಅದುರು ನೆಲದ ಮೂಲಕ ಕೆಳಮನೆಗೆ ಇಳಿಯುವುದರಿಂದ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅಭ್ಯಾಸ ಬೇಡ. ಬೆಳಗಿನ ಜಾವದ ತಂಪನ್ನು ಬಯಸುವವರು ಈ ಬಗ್ಗೆ ಕೆಳಮನೆಯವರೊಂದಿಗೆ ಮೊದಲೇ ಮಾತನಾಡಿಕೊಳ್ಳುವುದು ಒಳಿತು.

ಖರೀದಿ ಮತ್ತು ದೂರು

ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ವಿಳಾಸ, ವಿದೇಶದಿಂದ ತರಿಸಿದ್ದಾದರೆ ಆಮದುದಾರರ ಹೆಸರು ವಿಳಾಸ ಮತ್ತು ತಯಾರಾದ ದೇಶ, ಗ್ರಾಹಕರ ದೂರಿಗೆ ಸಂಪರ್ಕ ವಿವರ ಇವು ಇರಬೇಕೆಂದು 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳು ವಿಧಿಸುತ್ತವೆ. ಆಮದುದಾರರ ವಿಳಾಸವಿಲ್ಲದ ಸ್ಟ್ಯಾಂಡ್ ಅಗ್ಗಕ್ಕೆ ದೊರೆತರೂ, ಬೇರಿಂಗ್ ಹೋದಾಗ ಅಥವಾ ಎಣ್ಣೆ ಸೋರಿದಾಗ ಯಾರನ್ನೂ ಕೇಳುವಂತಿಲ್ಲ. ಹೊರಬಲ್ಲ ಗರಿಷ್ಠ ತೂಕವನ್ನು ವಿಚಾರಿಸಿ, ಅಂಗಡಿಯಲ್ಲಿ ಸ್ವಂತ ಸೈಕಲ್ಲನ್ನೇ ಸಿಕ್ಕಿಸಿ ನೋಡಿ, ರಸೀದಿ ಮತ್ತು ಖಾತರಿ ಪತ್ರಗಳನ್ನು ಪಡೆದುಕೊಳ್ಳತಕ್ಕದ್ದು. ಕಾರ್ಬನ್ ಚೌಕಟ್ಟಿನ ಸೈಕಲ್ ಉಳ್ಳವರು ಸ್ಟ್ಯಾಂಡಿನ ಬಳಕೆಯಿಂದ ಚೌಕಟ್ಟಿನ ಖಾತರಿ ರದ್ದಾಗುವುದೇ ಎಂಬುದನ್ನು ಸೈಕಲ್ ತಯಾರಕರಿಂದ ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ.

ದೋಷಪೂರಿತ ಉಪಕರಣದ ಬಗ್ಗೆ ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೇ ದೂರು ಸಲ್ಲಿಸಲು ಅವಕಾಶವಿದ್ದು, ಅಂಗಡಿ ಬೇರೆ ಊರಿನಲ್ಲಿದ್ದರೂ ಅಡ್ಡಿಯಿಲ್ಲ. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿರುವುದಿಲ್ಲ. ದೂರಿಗೆ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ದೂರಿನೊಂದಿಗೆ ರಸೀದಿ, ಖಾತರಿ ಪತ್ರ, ಪೊಟ್ಟಣದ ಮೇಲಿನ ವಿವರದ ಛಾಯಾಚಿತ್ರ ಮತ್ತು ಮಾರಾಟಗಾರರೊಂದಿಗೆ ನಡೆಸಿದ ಪತ್ರವ್ಯವಹಾರದ ಪ್ರತಿಗಳನ್ನು ಲಗತ್ತಿಸುವುದು. ಮುರಿದ ಭಾಗವನ್ನು ಎಸೆಯದೆ ಇಟ್ಟುಕೊಂಡಿರಬೇಕು.